ಹಿತ್ತಾಳೆ ಲಾಂದ್ರ ತರಿಸಿದೆ, ಅಪ್ಪ ಮೂಸಿ ನೋಡಿದರು

ಆನ್‌ಲೈನಲ್ಲಿ ತರಿಸಿದ 'ಹಳೇ ರೈಲ್ವೆ ಕೈಲಾಂದ್ರ'ದ ಬಗ್ಗೆ ಬರೆಯುತ್ತಿದ್ದೇನೆ. ಮಾರಿದವರ ಹೆಸರು ಹಾಕುವುದಿಲ್ಲ. ಇಂಥದ್ದೇ ಮಾಲು ಹತ್ತಾರು ಕಡೆ ಇದೆ, ಫೋಟೋಗಳೂ ಒಂದೇ ಥರ ಇವೆ. ನೀವು ಯಾರ ಹತ್ತಿರ ಕೊಳ್ಳಲು ಹೊರಟಿದ್ದರೂ ಒಮ್ಮೆ ಓದಿ.

ಬೆಲೆ 2,450 ರೂಪಾಯಿ. ಆರು ದಿನಕ್ಕೆ ಬಂತು. ಪ್ಯಾಕಿಂಗ್ ಬಗ್ಗೆ ಎರಡು ಮಾತಿಲ್ಲ. ದಪ್ಪ ರಟ್ಟಿನ ಡಬ್ಬ, ಒಳಗೆ ಇನ್ನೊಂದು ಡಬ್ಬ, ಸುತ್ತ ಗುಳ್ಳೆ ಪ್ಲಾಸ್ಟಿಕ್ಕು. ಗಾಜು ಒಂದೂ ಒಡೆದಿರಲಿಲ್ಲ. ಹೊಳೆಯುವ ಹಿತ್ತಾಳೆ, ಎದುರಿಗೆ ಒಂದು ಕಣ್ಣು, ಮೇಲೊಂದು ಟೋಪಿ. ನನ್ನ ಹೆಂಡತಿ 'ಚೆನ್ನಾಗಿದೆ, ಟಿವಿ ಪಕ್ಕ ಇಡೋಣ' ಅಂದಳು.

ಅಪ್ಪನಿಗೆ ಈಗ 84. ಲಾಂದ್ರ ತರಿಸಿದ್ದೇ ಅವರಿಗೋಸ್ಕರ. ಕಣ್ಣಿನ ಆಪರೇಷನ್ ಆದಮೇಲೆ ಎಲ್ಲವನ್ನೂ ಹತ್ತಿರ ಹಿಡಿದು ನೋಡುವ ಹುಮ್ಮಸ್ಸು ಅವರಿಗೆ. ಇದನ್ನು ಮಾತ್ರ ಕಣ್ಣಿಗೆ ಹಿಡಿಯಲಿಲ್ಲ, ಮೂಗಿಗೆ ಹಿಡಿದರು. 'ಸೀಮೆಎಣ್ಣೆ ವಾಸ್ನೆನೇ ಇಲ್ವಲ್ಲೋ' ಅಂದರು. 'ಇದನ್ನ ಯಾರೂ ಯಾವತ್ತೂ ಹತ್ತಿಸಿಲ್ಲ.'

ನನಗೆ ಅಲ್ಲೇ ಅರ್ಧ ಗೊತ್ತಾಯಿತು. ಇನ್ನರ್ಧ ಗೊತ್ತಾಗಿದ್ದು ಹಿಂಬದಿಯ ತಗಡಿನ ಪಟ್ಟಿ ಓದಿದಾಗ. ಅದರ ಮೇಲೆ 'ಸದರ್ನ್ ರೈಲ್ವೆ, 1902' ಅಂತ ಕೊರೆದಿದ್ದಾರೆ. ಸದರ್ನ್ ರೈಲ್ವೆ ಹುಟ್ಟಿದ್ದು 1951ರ ಏಪ್ರಿಲ್‌ನಲ್ಲಿ. ಮದರಾಸಿನ ಕಡೆಯ ಎರಡು ಕಂಪನಿಗಳನ್ನೂ ನಮ್ಮ ಮೈಸೂರು ಸಂಸ್ಥಾನದ ರೈಲ್ವೆಯನ್ನೂ ಸೇರಿಸಿ ಮಾಡಿದ್ದು ಅದು. ಮಗು ಹುಟ್ಟುವ 49 ವರ್ಷ ಮೊದಲೇ ಅದರ ಹೆಸರಲ್ಲಿ ಲಾಂದ್ರ ಮಾಡಿಟ್ಟಿದ್ದಾರೆ. ನಕಲು ಮಾಡುವುದೇ ಆದರೆ ಇಸವಿನಾದರೂ ಸರಿಯಾಗಿ ಹಾಕಬಾರದಾ?

ಒಂದು ಲಾಂದ್ರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ನಿಮಗೆ ಅನಿಸಬಹುದು. ಕಾರಣ ಹೇಳುತ್ತೇನೆ.

ನಮ್ಮ ಹೊಲ ಇರುವುದು ಮಂಡ್ಯಕ್ಕೂ ಪಾಂಡವಪುರಕ್ಕೂ ನಡುವೆ, ರೈಲು ಹಳಿಯ ಪಕ್ಕ. ಪಕ್ಕ ಅನ್ನುವುದಕ್ಕಿಂತ ಎರಡೂ ಕಡೆ ಅನ್ನಬೇಕು. ಈ ಕಡೆ ಎರಡು ಎಕರೆ ಗದ್ದೆ, ಆ ಕಡೆ ಒಂದೂಕಾಲು ಎಕರೆ ಕಬ್ಬು, ಮಧ್ಯೆ ಹಳಿ. ಬೆಂಗಳೂರಿನಿಂದ ಮೈಸೂರಿಗೆ ಈ ಹಳಿ ಪೂರ್ತಿಯಾಗಿ ಮುಟ್ಟಿದ್ದು 1882ರಲ್ಲಿ. ಅದಕ್ಕೆ ಮಣ್ಣು ಹೊತ್ತವರಲ್ಲಿ ಬರದಿಂದ ಕಂಗೆಟ್ಟ ಜನ ಬಹಳ ಇದ್ದರು. 1876ರಿಂದ 78ರವರೆಗಿನ ಬರ, ನಮ್ಮ ಕಡೆ ಹಿರಿಯರು ಧಾತು ಬರ ಅನ್ನುವುದು. 'ನಮ್ಮೋರೇ ಮಣ್ಣು ಹೊತ್ತು ನಮ್ಮ ಹೊಲಾನೇ ಎರಡು ಮಾಡಿದ್ರು' ಅಂತ ನಮ್ಮ ತಾತ ನಗುತ್ತಿದ್ದರು. ಏರಿ ಹಾಕಲು ಮಣ್ಣು ತೆಗೆದ ಹಳ್ಳಗಳು ನನ್ನ ಕಾಲದಲ್ಲೂ ಹಳಿಯ ಉದ್ದಕ್ಕೂ ಇದ್ದವು. ನಮ್ಮ ಎಮ್ಮೆಗಳು ಬೀಳುತ್ತಿದ್ದುದು ಅಲ್ಲೇ.

ಎತ್ತು, ಗಾಡಿ, ಗೊಬ್ಬರ, ಬುತ್ತಿ ಎಲ್ಲವೂ ದಿನಾ ಹಳಿಗೆ ಹಾಕಿದ್ದ ರೈಲ್ವೆ ಗೇಟು ದಾಟಬೇಕಿತ್ತು. ಗೇಟಿಗೆ ಒಬ್ಬರು ಕಾವಲು. ಧರ್ಮಪುರಿ ಕಡೆಯಿಂದ ಬಂದವರು. ಅರ್ಧ ತಮಿಳು, ಅರ್ಧ ಕನ್ನಡ. ಅವರ ನಿಜವಾದ ಹೆಸರು ನಮಗೆ ಬೇಕಾಗಿರಲಿಲ್ಲ, 'ಗೇಟಪ್ಪ' ಅಂತಲೇ ಕರೆಯುತ್ತಿದ್ದೆವು. ಅವರ ಗೂಡಿನಲ್ಲಿ ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ, ಅಪಾಯ ಇದ್ದಾಗ ಡ್ರೈವರನ್ನು ಎಚ್ಚರಿಸಲು ಹಳಿ ಮೇಲೆ ಕಟ್ಟುವ ಪಟಾಕಿಯ ಡಬ್ಬಿ, ಮೊಳೆಗೆ ನೇತುಹಾಕಿದ ಒಂದು ಲಾಂದ್ರ. ಆ ಲಾಂದ್ರವನ್ನು ಮುಟ್ಟಲು ಬಿಡುತ್ತಿರಲಿಲ್ಲ. ಗೂಡಿನೊಳಗೆ ಕೂರಬಹುದು, ಅವರ ತಟ್ಟೆಯಲ್ಲಿ ಉಣ್ಣಬಹುದು, ಲಾಂದ್ರ ಮಾತ್ರ ಮುಟ್ಟಬಾರದು.

ಈಗ ಮಾಲಿನ ವಿಷಯಕ್ಕೆ ಬರೋಣ.

ಮೊದಲನೆಯದಾಗಿ ಇದು ಜಾಸ್ತಿ ಚೆಂದ ಇದೆ. ಗೇಟಪ್ಪನ ಲಾಂದ್ರ ತಗಡಿನದು, ಕಪ್ಪು ಬಣ್ಣ, ಮೂಲೆಯಲ್ಲೆಲ್ಲ ನಗ್ಗು. ಕೈಯಲ್ಲಿ ಹಿಡಿದು ಮಳೆಯಲ್ಲಿ ಓಡುವ ಮನುಷ್ಯನಿಗೆ ಹಿತ್ತಾಳೆ ಹೊಳಪು ಯಾಕೆ? ಭಾರ ಬೇರೆ. ನಮ್ಮ ಅಡುಗೆ ಮನೆಯ ತಕ್ಕಡಿಯಲ್ಲಿ ಇದು ಎರಡು ಕಿಲೋಗಿಂತ ಜಾಸ್ತಿ ತೂಗಿತು. ಹಿಡಿಕೆಯೂ ತಪ್ಪು. ಮೇಲೆ ಒಂದು ಬಳೆ ಇಟ್ಟು ಕೈ ತೊಳೆದುಕೊಂಡಿದ್ದಾರೆ. ಗೇಟಪ್ಪನದಕ್ಕೆ ಬೆನ್ನಿಗೆ ಹಿಡಿ ಇತ್ತು. ಬೆನ್ನು ಹಿಡಿದರೆ ತಾನೇ ದೀಪವನ್ನು ಎದುರಿಗೆ ನೇರ ತೋರಿಸಲು ಆಗುವುದು? ಬಳೆ ಹಿಡಿದು ಬೀಸಿದರೆ ಲಾಂದ್ರ ಗಿರಗಿರ ತಿರುಗುತ್ತದೆ, ಬೆಳಕು ಡ್ರೈವರಿಗೆ ಬಿಟ್ಟು ಊರಿಗೆಲ್ಲ ಕಾಣುತ್ತದೆ.

ಕಣ್ಣಿನ ಗಾಜು. ಅಸಲಿಯಲ್ಲಿ ಅದು ಉಬ್ಬು ಗಾಜು, ಭೂತಗನ್ನಡಿ ಥರ. ಒಂದು ಬೆರಳಗಲದ ಬತ್ತಿಯ ಬೆಳಕನ್ನು ಒಟ್ಟುಮಾಡಿ ದೂರಕ್ಕೆ ಎಸೆಯುವುದು ಅದರ ಕೆಲಸ. ಹಗಲು ಗೇಟಪ್ಪ ನಿದ್ದೆ ಹೋದಾಗ ಆ ಗಾಜಿನ ಮುಂದೆ ಹೋಗಿ ನಮ್ಮ ಮೂಗು ದೊಡ್ಡದಾಗುವುದನ್ನು ನೋಡುತ್ತಿದ್ದೆವು. ಮುಟ್ಟಬಾರದು ಅಂದಿದ್ದರು, ನೋಡಬಾರದು ಅಂದಿರಲಿಲ್ಲ. ಈ ಮಾಲಿನಲ್ಲಿ ಇರುವುದು ಚಪ್ಪಟೆ ಗಾಜು, ಫೋಟೋ ಫ್ರೇಮಿನ ಗಾಜು. ಮೂಗು ಮೂಗಿನಷ್ಟೇ ಕಾಣುತ್ತದೆ.

ಬಣ್ಣದ ಗಾಜುಗಳ ವಿಷಯ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ಅಸಲಿ ಲಾಂದ್ರದೊಳಗೆ ಒಂದು ತಿರುಗುವ ಗೂಡು. ಟೋಪಿ ಹಿಡಿದು ತಿರುಗಿಸಿದರೆ ಒಮ್ಮೆ ಕೆಂಪು, ಒಮ್ಮೆ ಹಸಿರು, ಒಮ್ಮೆ ಬರೀ ಬಿಳಿ. ಮೂರೂ ಕಡೆ 'ಟಕ್' ಅಂತ ಕೂರುತ್ತದೆ. ಕತ್ತಲಲ್ಲಿ ನೋಡದೆಯೇ ಬೆರಳಿಗೆ ಗೊತ್ತಾಗಬೇಕು. ಈ ಮಾಲಿನಲ್ಲಿ ಕೆಂಪಿಗೆ ತಿರುಗಿಸಿದರೆ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಕೆಂಪು, ಅರ್ಧ ಬಿಳಿ. ರೈಲು ಏನು ಮಾಡಬೇಕು, ಅರ್ಧ ನಿಲ್ಲಬೇಕಾ?

ಹಸಿರಂತೂ ಸೋಡಾ ಬಾಟಲಿಯ ಹಸಿರು. ಇಲ್ಲೇ ನಕಲು ಮಾಡಿದವರು ಪೂರ್ತಿ ಸಿಕ್ಕಿಬಿದ್ದಿದ್ದಾರೆ. ನಾನು ಚಿಕ್ಕವನಾಗಿದ್ದಾಗ ಒಂದು ಒಗಟು ನನ್ನನ್ನು ಬಹಳ ಕಾಡಿತ್ತು. ನಮ್ಮ ಹೊಲದಿಂದ ದೂರದಲ್ಲಿ ಸ್ಟೇಷನ್ನಿನ ಕೈಮರ ಕಾಣುತ್ತಿತ್ತು. ಕೈ ಅಡ್ಡ ಇದ್ದರೆ ಗಾಡಿ ನಿಲ್ಲಬೇಕು, ಕೈ ಇಳಿಬಿದ್ದರೆ ಬರಬಹುದು. 'ಕೈಮರ ಬಿತ್ತು' ಅಂದರೆ ಕೆಲಸ ಬಿಟ್ಟು ಬುತ್ತಿ ಬಿಚ್ಚುವ ಹೊತ್ತು. ಆ ಕೈಯ ಬುಡದಲ್ಲಿ ಎರಡು ಗಾಜು. ಒಂದು ಕೆಂಪು. ಇನ್ನೊಂದು ಹಗಲಲ್ಲಿ ನೋಡಿದರೆ ನೀಲಿ! ರಾತ್ರಿ ನೋಡಿದರೆ ಹಸಿರು. ಗೇಟಪ್ಪನ ಲಾಂದ್ರದ ಒಳಗಿನ ಗಾಜೂ ಹಾಗೇ, ನೀಲಿಗೆ ತಿರುಗಿದ ಹಸಿರು.

ಯಾಕೆ ಅಂತ ಹೈಸ್ಕೂಲಿಗೆ ಹೋದಮೇಲೆ ವಿಜ್ಞಾನದ ಮೇಷ್ಟ್ರು ಹೇಳಿದರು. ಸೀಮೆಎಣ್ಣೆ ದೀಪದ ಬೆಳಕು ಹಳದಿ. ಅದನ್ನು ಮಾಮೂಲಿ ಹಸಿರು ಗಾಜಿನ ಹಿಂದೆ ಇಟ್ಟರೆ ದೂರಕ್ಕೆ ಕಾಣುವುದು ಹಳದಿ ಬೆರೆತ ಮಂಕು ಹಸಿರು. ಬಿಳಿಯೋ ಹಸಿರೋ ಅನುಮಾನ ಬರುತ್ತದೆ. ಗಾಜಿಗೇ ಸ್ವಲ್ಪ ನೀಲಿ ಕೊಟ್ಟರೆ ಹಳದಿ ದೀಪಕ್ಕೆ ಅಚ್ಚ ಹಸಿರಾಗಿ ಕಾಣುತ್ತದೆ. ಎಷ್ಟು ಸರಳ, ಅಲ್ವಾ? ಮಾರುವವರ ಫೋಟೋದಲ್ಲಿ ಹಸಿರು ಚೆನ್ನಾಗಿ ಕಾಣುವುದು ಯಾಕೆಂದರೆ ಒಳಗೆ ಬಿಳಿ ಎಲ್‌ಇಡಿ ಬಲ್ಬು ಇಟ್ಟು ತೆಗೆದಿದ್ದಾರೆ. ಬತ್ತಿ ಹತ್ತಿಸಿದ ಫೋಟೋ ಒಂದೂ ಇಲ್ಲ. ಕೊಳ್ಳುವ ಮೊದಲು ನಾನು ಇದನ್ನು ಗಮನಿಸಬೇಕಿತ್ತು.

ಆದರೂ ಹತ್ತಿಸಿ ನೋಡಿಬಿಡೋಣ ಅಂತ ಅಪ್ಪ ಹಟ ಹಿಡಿದರು. ಸೀಮೆಎಣ್ಣೆ ಹುಡುಕುವುದೇ ಈಗ ಒಂದು ಕೆಲಸ. ಯಾರದೋ ಅಟ್ಟದ ಮೇಲಿದ್ದ ಅರ್ಧ ಬಾಟಲಿ ಸಿಕ್ಕಿತು. ಬುಡ್ಡಿಗೆ ಹಾಕಿದ ಹತ್ತು ನಿಮಿಷಕ್ಕೆ ಕೆಳಗೆ ಹಾಸಿದ್ದ ಪೇಪರ್ ಒದ್ದೆ. ಬೆಸುಗೆ ಸರಿ ಇಲ್ಲ. ಎಂ-ಸೀಲ್ ಮೆತ್ತಿ ಮಾರನೇ ದಿನ ಮತ್ತೆ ಹಾಕಿದೆವು. ಹತ್ತಿತು. ಬಾಗಿಲು ಮುಚ್ಚಿದ ತಕ್ಷಣ ಆರಿತು. ಮೂರು ಸಲ ಹೀಗೇ ಆಯಿತು. ಟೋಪಿ ತೆಗೆದು ನೋಡಿದರೆ ಗಾಳಿ ಹೋಗಲು ದಾರಿಯೇ ಇಲ್ಲ, ಟೋಪಿಯ ಕೆಳಗೆ ಪೂರ್ತಿ ಮುಚ್ಚಿದ್ದಾರೆ. ಅಸಲಿಯಲ್ಲಿ ಕೆಳಗಡೆ ತೂತುಗಳು, ಮೇಲೆ ಒಂದರ ಮೇಲೊಂದು ಮಡಿಕೆ. ಗಾಳಿ ಕೆಳಗಿಂದ ಬರಬೇಕು, ಹೊಗೆ ಮೇಲಿಂದ ಹೋಗಬೇಕು, ಬೀಸುಗಾಳಿ ಮಾತ್ರ ಒಳಗೆ ನುಗ್ಗಬಾರದು. ಗೇಟಪ್ಪ ಅದನ್ನು ಹಿಡಿದು ಓಡಿದರೂ ಅದು ಆರುತ್ತಿರಲಿಲ್ಲ.

ಓಡಿದ್ದನ್ನು ನಾನೇ ನೋಡಿದ್ದೇನೆ. 1979 ಇರಬೇಕು, ನನಗೆ ಹನ್ನೊಂದು ವರ್ಷ. ಕಬ್ಬು ಕಡಿಯುವ ಕಾಲ. ಬೆಳಗಿನ ಸರದಿಗೆ ಮಂಡ್ಯದ ಕಾರ್ಖಾನೆ ಮುಂದೆ ಸಾಲು ನಿಲ್ಲಬೇಕೆಂದು ರಾತ್ರಿಯೇ ಗಾಡಿ ಹೂಡಿದ್ದರು. ಎತ್ತಿನ ಗಾಡಿ, ಮರದ ಚಕ್ರ, ಕಬ್ಬಿಣದ ಪಟ್ಟಿ. ಗೇಟು ದಾಟುವಾಗ ಹಳಿಗೂ ಅದರ ಪಕ್ಕದ ಕಾವಲು ಹಳಿಗೂ ಮಧ್ಯೆ ಇರುವ ಸಂದಿಗೆ ಎಡಚಕ್ರ ಇಳಿದು ಕಚ್ಚಿಕೊಂಡಿತು. ಎತ್ತು ಎಳೆದಷ್ಟೂ ಬಿಗಿ. ಹೊಡೆದರೆ ಎತ್ತು ಮಂಡಿ ಊರಿತು. ಅಪ್ಪ ನೊಗ ಕಳಚಿ ಎತ್ತುಗಳನ್ನು ಮೊದಲು ಆಚೆ ಹೊಡೆದರು. ಗಾಡಿ ಹಳಿ ಮೇಲೆ, ಗಾಡಿ ತುಂಬ ಕಬ್ಬು, ಕಬ್ಬಿನ ಮೇಲೆ ನಾನು.

ಒಂಟಿ ಹಳಿ. ಯಾವ ಕಡೆಯಿಂದ ರೈಲು ಮೊದಲು ಬರುತ್ತದೋ ಗೊತ್ತಿಲ್ಲ. ಗೇಟಪ್ಪನ ಹತ್ತಿರ ಇದ್ದದ್ದು ಒಂದೇ ಕೆಂಪು ದೀಪ. ಅವರು ಅದನ್ನು ಹಿಡಿದು ಮಂಡ್ಯದ ಕಡೆ ಓಡಿದರು. ಓಡುತ್ತಲೇ ಅಪ್ಪನಿಗೆ ಕೂಗಿದರು: 'ನೀ ಆ ಪಕ್ಕ ಓಡು! ನಿನ್ ಲಾಟೀನ್ ಅಡ್ಡಡ್ಡ ಬೀಸು, ಜೋರಾ ಬೀಸು!' ನಮ್ಮದು ಗದ್ದೆಗೆ ನೀರು ಕಟ್ಟಲು ಹೋಗುವಾಗ ಹಿಡಿಯುವ ಮಾಮೂಲಿ ಲಾಟೀನು, ಬಿಳಿ ಬೆಳಕು. ಬಿಳಿ ದೀಪಕ್ಕೆ ರೈಲು ನಿಲ್ಲುತ್ತದಾ ಅಂತ ಅಪ್ಪನಿಗೆ ನಂಬಿಕೆ ಇಲ್ಲ. ಆದರೆ ರೈಲ್ವೆಯ ನಿಯಮವೇ ಹಾಗೆ. ಕೆಂಪು ಇಲ್ಲದಿದ್ದರೆ ಬಿಳಿ ದೀಪವನ್ನು ಮೈಗೆ ಅಡ್ಡವಾಗಿ ರಭಸದಿಂದ ಬೀಸಿದರೂ 'ನಿಲ್ಲು' ಎಂದೇ ಅರ್ಥ. ಹಗಲಲ್ಲಿ ಬಾವುಟ ಇಲ್ಲದಿದ್ದರೆ ಎರಡೂ ಕೈ ತಲೆ ಮೇಲೆ ಎತ್ತಿದರೆ ಸಾಕು. ಹಳಿ ಪಕ್ಕದ ಮಕ್ಕಳಿಗೆಲ್ಲ ಇದನ್ನು ಶಾಲೆಯಲ್ಲೇ ಹೇಳಿಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ನಮಗೆ ಹೇಳಿಕೊಟ್ಟಿದ್ದು ಮೆಕ್ಕಾ ಮದೀನಾ ನಡುವಿನ ದೂರ, ಗಂಗಾ ನದಿಯ ಉದ್ದ.

ರೈಲು ಬಂದಿದ್ದು ಅಪ್ಪ ಓಡಿದ ಕಡೆಯಿಂದಲೇ. ಗೂಡ್ಸು. ಹೊಗೆ ಎಂಜಿನ್ನು. ಮೊದಲು ಹಳಿ ಸಣ್ಣಗೆ ಹಾಡಿತು, ಆಮೇಲೆ ಕಣ್ಣು ಕಾಣಿಸಿತು. ದೂರದಲ್ಲಿ ಅಪ್ಪನ ಲಾಟೀನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ನನ್ನನ್ನು ಯಾರು ಕಬ್ಬಿನ ಮೇಲಿಂದ ಇಳಿಸಿದರೋ ನೆನಪಿಲ್ಲ. ಕಿರ್ ಅಂತ ಬ್ರೇಕಿನ ಸದ್ದು ಎಷ್ಟೋ ಹೊತ್ತು ಬಂತು. ನಿಂತಿತು. ಗೇಟಿನಿಂದ ನಾಲ್ಕು ಟೆಲಿಗ್ರಾಫ್ ಕಂಬ ದೂರ. ಮಾರನೇ ದಿನ ಹೋಗಿ ಎಣಿಸಿದ್ದು ನಾನೇ.

ಡ್ರೈವರ್ ಇಳಿದು ಬಂದು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಬೈದು ಮುಗಿಸಿ ಅವರೇ ಎಂಜಿನ್ನಿನಿಂದ ಹಾರೆ ತರಿಸಿದರು. ಐದು ಜನ ಮೀಟಿ ಚಕ್ರ ಎತ್ತಿದರು. ಕಲ್ಲಿದ್ದಲು ಎತ್ತಿ ಹಾಕುವ ಹುಡುಗ, ಮುಖವೆಲ್ಲ ಮಸಿ, ಕೇಳದೆಯೇ ಒಂದು ಜಲ್ಲೆ ಎಳೆದುಕೊಂಡು ಅಲ್ಲೇ ನಿಂತು ಸಿಗಿದು ತಿಂದ. ಕಪ್ಪು ಮುಖದಲ್ಲಿ ಬಿಳಿ ಸಿಪ್ಪೆ. ಅದೊಂದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನಿಗೆ ಎರಡು ದಿನ ಬಲಭುಜ ಎತ್ತಲಾಗಲಿಲ್ಲ.

ಎಲ್ಲವೂ ಹೀಗೆ ಸುಖವಾಗಿ ಮುಗಿಯುತ್ತಿತ್ತು ಅಂತಲ್ಲ. ಒಂದು ಸುಗ್ಗಿಯಲ್ಲಿ ನಮ್ಮ ಹುಲ್ಲಿನ ಮೆದೆ ಉರಿದು ಹೋಯಿತು. ಎಂಜಿನ್ನಿನ ಕಿಡಿಯೋ ದಾರಿಹೋಕರ ಬೀಡಿಯೋ, ಇವತ್ತಿಗೂ ತೀರ್ಮಾನ ಆಗಿಲ್ಲ. ಆಮೇಲೆ ಮೆದೆಯನ್ನು ಮನೆ ಹಿತ್ತಲಿಗೇ ತಂದರು. ಅಮ್ಮನಿಗೆ ರೈಲು ಕಂಡರೆ ಆಗುತ್ತಿರಲಿಲ್ಲ. ಆದರೂ ಎಂಜಿನ್ ಉದುರಿಸಿದ ಅರೆಬೆಂದ ಇದ್ದಿಲನ್ನು ಬುಟ್ಟಿಯಲ್ಲಿ ಆರಿಸಿ ತರುತ್ತಿದ್ದಳು. ಗೇಟಿಗೆ ಮೊದಲು ಒಂದು ಹಳದಿ ಹಲಗೆ, 'ಡಬ್ಲ್ಯು/ಎಲ್' ಅಂತ. ಲೆವೆಲ್ ಕ್ರಾಸಿಂಗ್ ಇದೆ, ಸಿಳ್ಳೆ ಹಾಕು ಅಂತ ಡ್ರೈವರಿಗೆ ಸೂಚನೆ. ಅದು 'ವಾಟರ್ ಲೈನ್' ಅಂತ ನಮ್ಮ ಲೆಕ್ಕ, ಅಲ್ಲಿ ಬಾವಿ ತೋಡಿದರೆ ನೀರು ಬರುತ್ತದೆ ಅಂತ ನಾನೇ ನಾಲ್ಕು ಜನಕ್ಕೆ ಹೇಳಿದ್ದೆ.

ಮೀಟರ್ ಗೇಜು ತೊಂಬತ್ತರ ದಶಕದಲ್ಲಿ ಹೋಯಿತು. ಎರಡು ಕಂಬಿಗಳ ನಡುವೆ 1,000 ಮಿಲಿಮೀಟರ್ ಇದ್ದ ಅಂತರ 1,676 ಆಯಿತು. ಕೈಮರ ಹೋಗಿ ಬಣ್ಣದ ದೀಪ ಬಂತು. ಆಮೇಲೆ ಜೋಡಿ ಹಳಿ. ಅದಕ್ಕೆ ಜಾಗ ಮಾಡಲು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಆಚೆ ಸರಿಸಿದರು. ನಮ್ಮ ಗೇಟನ್ನು ಯಾರೂ ಸರಿಸಲಿಲ್ಲ, ತೆಗೆದೇ ಬಿಟ್ಟರು. ಈಗ ಹಳಿ ಕೆಳಗೆ ದಾರಿ ಇದೆ. ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು. ಎಮ್ಮೆ ಇದ್ದಿದ್ದರೆ ಖುಷಿಪಡುತ್ತಿದ್ದವು.

ಅಸಲಿ ಬೇಕೆನ್ನುವವರಿಗೆ ನನ್ನ ಅನುಭವದಿಂದ ಸ್ವಲ್ಪ ಹೇಳುತ್ತೇನೆ. ಹೊಳಪು ಕಂಡರೆ ಅನುಮಾನ ಪಡಿ. ಟೋಪಿಯೊಳಗೆ ಬೆರಳು ಹಾಕಿ, ವರ್ಷಗಟ್ಟಲೆ ಉರಿದದ್ದಾದರೆ ಮಸಿ ತೊಳೆದರೂ ಹೋಗದ ಹಾಗೆ ಕಚ್ಚಿರುತ್ತದೆ. ಹಸಿರು ಗಾಜನ್ನು ಬಿಸಿಲಿಗೆ ಹಿಡಿಯಿರಿ, ನೀಲಿ ಛಾಯೆ ಇದೆಯಾ ನೋಡಿ. ಉಬ್ಬು ಗಾಜು ಕಡ್ಡಾಯ. ಇನ್ನೊಂದು ಮುಖ್ಯ ವಿಷಯ: ನಿಜವಾಗಲೂ ರೈಲ್ವೆಯದೇ ಅಂತ ಯಾರಾದರೂ ಮಾರಿದರೆ ಹರಾಜಿನ ಚೀಟಿ ಕೇಳಿ. ಕದ್ದ ರೈಲ್ವೆ ಸಾಮಾನು ಇಟ್ಟುಕೊಂಡರೆ 1966ರ ಒಂದು ಕಾಯ್ದೆ ಇದೆ, ಜೈಲಿಗೂ ಹೋಗಬೇಕಾಗಬಹುದು. ಅಲಂಕಾರಕ್ಕೆ ಸಾಕು ಅನ್ನುವವರು ಇದನ್ನೇ ಕೊಳ್ಳಿ, ಒಳಗೆ ಎಲ್‌ಇಡಿ ಇಡಿ, ಟಿವಿ ಪಕ್ಕ ಚೆನ್ನಾಗಿಯೇ ಕಾಣುತ್ತದೆ. ನೋಡಿದರೆ ಸಾಕು ಅನ್ನುವವರು ಮೈಸೂರು ರೈಲ್ವೆ ಸ್ಟೇಷನ್ ಹತ್ತಿರದ ರೈಲು ಮ್ಯೂಸಿಯಮ್ಮಿಗೆ ಹೋಗಿ. 1979ರಿಂದ ಇದೆ. ಮಹಾರಾಣಿಯವರ ಸಲೂನ್ ಬೋಗಿ ನೋಡಲು ಜನ ಮುಗಿಬೀಳುತ್ತಾರೆ. ಅಪ್ಪ ಅದರ ಕಡೆ ತಿರುಗಿಯೂ ನೋಡದೆ ಒಂದು ಸಿಗ್ನಲ್ಲಿನ ಕೆಳಗೆ ಕಾಲು ಗಂಟೆ ನಿಂತಿದ್ದರು.

ವಾಪಸ್ ಕಳಿಸಲು ಹತ್ತು ದಿನ ಅವಕಾಶ ಇತ್ತು. ಎಣ್ಣೆ ಹಾಕಿದ್ದಕ್ಕೆ 'ಬಳಸಿದ ವಸ್ತು ತೆಗೆದುಕೊಳ್ಳುವುದಿಲ್ಲ' ಅಂದರು. ಲಾಂದ್ರದಲ್ಲಿ ಎಣ್ಣೆ ಹಾಕದೆ ಇನ್ನೇನು ಪಾಯಸ ಹಾಕಬೇಕಿತ್ತಾ ಅಂತ ಬರೆದೆ. ಉತ್ತರ ಬರಲಿಲ್ಲ. ಐದಕ್ಕೆ ಎರಡು ನಕ್ಷತ್ರ ಕೊಟ್ಟಿದ್ದೇನೆ. ಒಂದು ಕೆಂಪು ಗಾಜಿಗೆ, ಅದು ನಿಜಕ್ಕೂ ಚೆನ್ನಾಗಿದೆ. ಇನ್ನೊಂದು ಪ್ಯಾಕಿಂಗಿಗೆ.

ಅಪ್ಪ ಟೋಪಿಗೆ ಮೊಳೆ ಹೊಡೆದು ಸುತ್ತ ತೂತು ಮಾಡಿದ್ದಾರೆ. ಈಗ ಆರುವುದಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಹತ್ತಿಸಿ, ಅರ್ಧ ಕೆಂಪು ಅರ್ಧ ಬಿಳಿ ಬೆಳಕಲ್ಲಿ ಹಸುವಿಗೆ ಹುಲ್ಲು ಹಾಕುತ್ತಾರೆ. ಹಿತ್ತಾಳೆ ಮಸಿ ಹಿಡಿಯುತ್ತಿದೆ. ಟಿವಿ ಪಕ್ಕ ಇಡಲು ಅಂತ ಜಾಗ ಬಿಟ್ಟಿದ್ದ ನನ್ನ ಹೆಂಡತಿ ಅಲ್ಲೊಂದು ಮನಿಪ್ಲಾಂಟ್ ಇಟ್ಟಿದ್ದಾಳೆ. ದಪ್ಪ ರಟ್ಟಿನ ಡಬ್ಬದಲ್ಲಿ ಕೋಳಿಮರಿ ಹಾಕಿದ್ದೇವೆ, ಹನ್ನೊಂದು.